ಯೀಸ್ಟ್ ಬಾಟಲಿಯ ಗೃಹಸ್ಥ

ಮೀನಿಗಿಂತ ನೀರೊಳಗಿನ ಗಿಡಗಳನ್ನೇ ಮೆಚ್ಚಿ ಅಕ್ವೇರಿಯಂ ಇಟ್ಟುಕೊಳ್ಳುವ ಬೆಂಗಳೂರಿನ ಗೃಹಸ್ಥರಲ್ಲಿ, ಅನಿಲದ ಸಿಲಿಂಡರಿಗೆ ದುಡ್ಡು ಸುರಿಯಲು ಮನಸ್ಸೊಪ್ಪದೆ, ಗಿಡಗಳಿಗೆ ಬೇಕಾದ ಇಂಗಾಲದ ಡೈಆಕ್ಸೈಡನ್ನು ಮನೆಯಲ್ಲೇ ತಯಾರಿಸಿಕೊಳ್ಳುವವರ ಪಂಗಡವೊಂದುಂಟು. ಎರಡು ಲೀಟರಿನ ಖಾಲಿ ಕೂಲ್‌ಡ್ರಿಂಕ್ ಬಾಟಲಿ, ಎರಡು ಲೋಟ ಸಕ್ಕರೆ, ಕಾಲು ಚಮಚ ಬೇಕರಿ ಯೀಸ್ಟ್, ಮುಚ್ಚಳಕ್ಕೆ ತೂತು ಕೊರೆದು ತೂರಿಸಿದ ಸಣ್ಣ ಪೈಪು, ಇಷ್ಟೇ ಇವರ ಕಾರ್ಖಾನೆ. ಯೀಸ್ಟ್ ಎಂಬ ಏಕಕೋಶ ಶಿಲೀಂಧ್ರವು ಸಕ್ಕರೆಯನ್ನು ತಿಂದು ಅನಿಲವನ್ನೂ ಆಲ್ಕೋಹಾಲನ್ನೂ ಹೊರಬಿಡುತ್ತದೆ. ಅನಿಲವು ಪೈಪಿನ ಮೂಲಕ ತೊಟ್ಟಿಗೆ ಹೋದರೆ, ಆಲ್ಕೋಹಾಲು ಬಾಟಲಿಯಲ್ಲೇ ಉಳಿದು, ಅದರ ಪ್ರಮಾಣ ಏರಿದಂತೆಲ್ಲ ಯೀಸ್ಟನ್ನೇ ಸಾಯಿಸುತ್ತದೆ. ದೇವರಮನೆಯ ಗೋಡೆಗೆ ಒತ್ತಿಕೊಂಡೇ ಹೆಂಡ ತಯಾರಾಗುತ್ತಿದೆ ಎಂಬುದನ್ನು ಮನೆಯ ಹಿರಿಯರಿಗೆ ತಿಳಿಸುವ ಅಗತ್ಯ ಈ ಪಂಗಡದವರಲ್ಲಿ ಯಾರಿಗೂ ಕಂಡುಬಂದಂತಿಲ್ಲ.

ಈ ಗೃಹಸ್ಥನ ನಿಜವಾದ ಬದುಕು ಆರಂಭವಾಗುವುದು ಗುಳ್ಳೆ ನಿಂತ ದಿನ. ಆತ ಮೊದಲು ಯೀಸ್ಟನ್ನು ಶಂಕಿಸುತ್ತಾನೆ, ಆಮೇಲೆ ಸಕ್ಕರೆಯನ್ನು, ಆಮೇಲೆ ಕಾವೇರಿ ನೀರಿನ ಕ್ಲೋರಿನ್ನನ್ನು; ಕೈ ಸುಡುವಷ್ಟು ಬಿಸಿಯಾದ ನೀರಿಗೆ ಯೀಸ್ಟ್ ಸುರಿದು ಅದನ್ನು ಬೇಯಿಸಿ ಕೊಂದವನು ತಾನೇ ಆಗಿರಬಹುದೆಂಬ ಸಾಧ್ಯತೆ ಮಾತ್ರ ಆತನ ಪಟ್ಟಿಯ ತೀರ ಕೆಳಗಿರುತ್ತದೆ. ಮುಚ್ಚಳದ ತೂತಿನ ಸುತ್ತ ಸೋಪಿನ ನೀರು ಸವರಿದರೆ ಅನಿಲ ಸೋರುವ ಕಡೆ ನೊರೆಯೆದ್ದು ನಿಮಿಷದೊಳಗೆ ಗುಟ್ಟು ರಟ್ಟಾಗುತ್ತದೆ, ಆದರೆ ಅಷ್ಟು ಬೇಗ ಮುಗಿದುಹೋಗುವ ಪರೀಕ್ಷೆ ಆತನಿಗೆ ರುಚಿಸುವುದಿಲ್ಲ. ಪೈಪಿಗಿಂತ ಕಿರಿದಾದ ತೂತು ಕೊರೆದು, ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಇಕ್ಕಳದಿಂದ ಬಿಗಿಯಾಗಿ ಎಳೆದುಕೊಂಡರೆ ಅಂಟೇ ಬೇಡ. ಆತನಾದರೋ ಅಂಟು ಸರಿಯಾಗಿ ಹಿಡಿಯದ ಆ ಪ್ಲಾಸ್ಟಿಕ್ ಮುಚ್ಚಳಕ್ಕೆ ಪದರದ ಮೇಲೆ ಪದರ ಮೆತ್ತಿ, ಅದು ಚಿಪ್ಪಿನಂತೆ ಕಳಚಿ ಬಂದಾಗ ಸೋರಿಕೆಯ ಕುರಿತು ಹೊಸ ಸಿದ್ಧಾಂತವೊಂದನ್ನು ಮಂಡಿಸುತ್ತಾನೆ. ಸಿಲಿಂಡರ್ ಕೊಳ್ಳಬಾರದೇ ಎಂದು ಭಾವಮೈದುನ ಕೇಳಿದರೆ ಆತನ ಮುಖ ಬಾಡುತ್ತದೆ, ಏಕೆಂದರೆ ಸಿಲಿಂಡರ್ ಬಂದ ಮೇಲೆ ಗಿಡಗಳನ್ನು ನೋಡುತ್ತ ಕೂರುವುದರ ಹೊರತು ಆತನಿಗೆ ಬೇರೆ ಕೆಲಸ ಉಳಿಯುವುದಿಲ್ಲ.

ಡಿಸೆಂಬರಿನ ಚಳಿಯಲ್ಲಿ ಗುಳ್ಳೆಗಳು ತೀರ ನಿಧಾನವಾದಾಗ ಆತ ಹಾಳೆಗಟ್ಟಲೆ ಲೆಕ್ಕ ಬರೆಯುತ್ತಿದ್ದರೆ, ಅಡುಗೆಮನೆಯಿಂದ ತಾಯಿ, "ಈ ಚಳಿಗೆ ಇಡ್ಲಿ ಹಿಟ್ಟೇ ಉಬ್ಬಿಲ್ಲ ಕಣೋ, ನಿನ್ನ ಬಾಟ್ಲಿ ಎಲ್ಲಿಂದ ಉಬ್ಬತ್ತೆ?" ಎಂದು ಒಂದೇ ಮಾತಿನಲ್ಲಿ ರೋಗನಿರ್ಣಯ ಮುಗಿಸುತ್ತಾರೆ. ಹಿಟ್ಟಿಗೆ ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೂ ಬಾಟಲಿಯ ಯೀಸ್ಟಿಗೂ ಬೇಕಾದದ್ದು ಹಿತವಾದ ಬಿಸುಪು. ಮೂವತ್ತು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಅವು ಚುರುಕಾಗಿರುತ್ತವೆ. ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ, ಒಲೆಯ ಕಾವು ತಾಗುವಂತೆ, ತಾಯಿ ಬಾಟಲಿಗೂ ಜಾಗ ಮಾಡಿಕೊಡುತ್ತಾರೆ. ಮಗ ಇದನ್ನು ತನ್ನ ನೋಟ್‌ಬುಕ್ಕಿನಲ್ಲಿ "ಉಷ್ಣತಾ ಪ್ರಯೋಗ" ಎಂದು ದಾಖಲಿಸುತ್ತಾನೆ, ತಾಯಿಯ ಹೆಸರಿಲ್ಲದೆ.

ಪ್ರಯೋಗ ಮಿತಿಮೀರಿ ಫಲಿಸುತ್ತದೆ. ದೀಪ ಆರಿದ ಮೇಲೆ ಗಿಡಗಳು ಅನಿಲವನ್ನು ಹೀರುವುದನ್ನು ನಿಲ್ಲಿಸಿ ತಾವೂ ಅದನ್ನೇ ಹೊರಬಿಡತೊಡಗಿದರೂ ಯೀಸ್ಟಿಗೆ ರಾತ್ರಿಯ ರಜೆಯಿಲ್ಲ, ಪೈಪನ್ನು ಮುಚ್ಚಿದರೆ ಒತ್ತಡ ಏರಿ ಬಾಟಲಿಯೇ ಸಿಡಿದೀತು. ಬೆಳಗಾಗುವಷ್ಟರಲ್ಲಿ ಗಪ್ಪಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿರುತ್ತವೆ. ಅನಿಲದ ಪ್ರಮಾಣವನ್ನು ಬಣ್ಣದಿಂದ ಸೂಚಿಸುವ ಡ್ರಾಪ್ ಚೆಕರ್ ಎಂಬ ಗಾಜಿನ ಬುರುಡೆ, ಇರಬೇಕಾದ ಹಸಿರನ್ನು ದಾಟಿ ಹಳದಿಗೆ ತಿರುಗಿರುತ್ತದೆ. ಆತ ಓಡಿಬಂದು ಏರ್ ಪಂಪ್ ಹಾಕುತ್ತಾನೆ, ನೀರು ಕಲಕಿ ಮೀನುಗಳು ಬದುಕಿಕೊಳ್ಳುತ್ತವೆ, ರಾತ್ರಿಯಿಡೀ ಕೂಡಿಟ್ಟ ಅನಿಲವೆಲ್ಲ ಗಾಳಿಗೆ ಹೋಗಿ ಬುರುಡೆ ಒಂದೆರಡು ಗಂಟೆಯಲ್ಲಿ ನೀಲಿಯಾಗುತ್ತದೆ. ಆಫೀಸಿಗೆ ತಡವಾಗುತ್ತಿದ್ದರೂ ಆತ ಸೋಪಿನ ನೀರು, ಇಕ್ಕಳ, ಅಂಟು ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು, ಹೆಂಡತಿಯನ್ನು ಕರೆದು, ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳುತ್ತಾನೆ.