ಶ್ರುತಿ ಇರಲಿ, ಮೊದಲು ಮನೆತನ ಹೇಳಿ
(ಟಿ.ವಿ. ಸ್ಪರ್ಧೆಯ ನಿರ್ದೇಶಕರೊಬ್ಬರಿಗೆ ಮೂರು ತಾಲೂಕಿನಿಂದ ಬಹಿರಂಗ ಪತ್ರ)

ಮಾನ್ಯ ನಿರ್ದೇಶಕರೇ,

ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳ ಸಮಸ್ತ ಪ್ರೇಕ್ಷಕರ ಪರವಾಗಿ ಈ ಕಾಗದ. ಅವರು ಯಾರೂ ನನ್ನನ್ನು ಆರಿಸಿದ್ದಲ್ಲ. ಆದರೆ ಸಮಸ್ತರ ಪರವಾಗಿ ಮಾತಾಡಲು ಸಮಸ್ತರನ್ನು ಕೇಳಬೇಕೆಂಬ ನಿಯಮ ನಮ್ಮ ಜಿಲ್ಲೆಯಲ್ಲಿ ರದ್ದಾಗಿ ತುಂಬ ಕಾಲವಾಯಿತು.

ನಮ್ಮ ದೂರು ನಿಮ್ಮ ವೋಟಿನ ಆ್ಯಪ್ ಬಗ್ಗೆ. ಅದರಲ್ಲಿ ಸ್ಪರ್ಧಿಯ ಒಂದು ಫೋಟೋ, ಒಂದು ಹೆಸರು, ಕೆಳಗೊಂದು ಗುಂಡಿ ಉಂಟು. ಅಷ್ಟೇ. ಇಷ್ಟರಲ್ಲಿ ಒಬ್ಬ ಜವಾಬ್ದಾರಿಯುತ ಪ್ರೇಕ್ಷಕ ಹೇಗೆ ತೀರ್ಮಾನಕ್ಕೆ ಬರುವುದು ಮಾರಾಯ್ರೆ? ಹುಡುಗಿ ಯಾರ ಪೈಕಿ? ಅಪ್ಪ ಎಲ್ಲಿಯವರು, ತಾಯಿಮನೆ ಎಲ್ಲಿ? ತಲೆಗೆ ಬಟ್ಟೆ ಹಾಕುತ್ತಾಳೋ ಇಲ್ಲವೋ, ಹಾಕಿದರೆ ಯಾಕೆ, ಹಾಕದಿದ್ದರೆ ಯಾಕೆ? ಹುಡುಗನಿಗೆ ಇಪ್ಪತ್ತೊಂಬತ್ತಾದರೂ ಮದುವೆ ಯಾಕಾಗಲಿಲ್ಲ? ಇದೊಂದೂ ತಿಳಿಯದೆ ಬರೀ ಹಾಡು ಕೇಳಿ ವೋಟು ಹಾಕಿ ಅಂದರೆ, ನಮ್ಮ ಅನುಭವಕ್ಕೆ ಏನು ಬೆಲೆ ಬಂತು?

ಅನುಭವ ಅಂದೆ. ಅದು ನಮಗೆ ಬೇಕಾದಷ್ಟು ಉಂಟು. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೊರಟ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತ ಹುಡುಗ ಹುಡುಗಿಯರನ್ನು ನೋಡಿ, ಕಂಡಕ್ಟರ್ ಟಿಕೇಟು ಹರಿಯುವ ಮೊದಲೇ ಇಬ್ಬರ ಕುಲಗೋತ್ರ ವಿಚಾರಿಸಿ ಮುಗಿಸುವ ಸ್ವಯಂಸೇವಕರು ನಮ್ಮಲ್ಲಿದ್ದಾರೆ. ಸಂಬಳ ಕೇಳುವವರಲ್ಲ. 2022ರ ಆಗಸ್ಟಿನಲ್ಲಿ ಸುಳ್ಯದಲ್ಲಿ ಕಾಲೇಜು ಹುಡುಗನೊಬ್ಬ ಬೇರೆ ಮತದ ಸಹಪಾಠಿಯೊಡನೆ ಮಾತಾಡಿದನೆಂದು ಪೆಟ್ಟು ತಿಂದ. ಏನು ಮಾತಾಡಿದ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. 2016ರಲ್ಲಿ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಯ ಆಮಂತ್ರಣ ಪತ್ರಿಕೆಯಲ್ಲಿ ಅಂದಿನ ಜಿಲ್ಲಾಧಿಕಾರಿಗಳ ಹೆಸರು ಅಚ್ಚಾಯಿತು. ಹುದ್ದೆಯೇನೋ ಸರಿಯಾಗಿಯೇ ಇತ್ತು, ಹೆಸರು ಮಾತ್ರ ಎ. ಬಿ. ಇಬ್ರಾಹಿಂ. ಅದೊಂದು ಸಾಲಿಗೆ ಊರಿಗೆ ಊರೇ ಎದ್ದು ಕೂತಿತು. ಹೀಗೆ ಆಮಂತ್ರಣ ಪತ್ರಿಕೆಯನ್ನೇ ಇಷ್ಟು ಸೂಕ್ಷ್ಮವಾಗಿ ಓದುವ ಜನರ ಕೈಗೆ ನೀವು ಬರೀ ಒಂದು ಗುಂಡಿ ಕೊಟ್ಟು ಕೂರಿಸಿದ್ದೀರಿ.

ಇಂಥ ಆ್ಯಪ್‌ನಲ್ಲಿ ಧರ್ಮದ ಕಾಲಮ್ ಇಲ್ಲದ ಕಾರಣ ಏನೆಲ್ಲ ಗೊಂದಲವಾಗುತ್ತದೆ ಎಂಬುದಕ್ಕೆ 2017ರ ಮಾರ್ಚ್ ತಿಂಗಳೇ ಸಾಕ್ಷಿ. ಜೀ ಕನ್ನಡದ ‘ಸರಿಗಮಪ’ ವೇದಿಕೆಗೆ ಸಾಗರದ ಕಡೆಯ ಸುಹಾನಾ ಸಯ್ಯದ್ ಹಿಜಾಬು ತೊಟ್ಟು ಬಂದರು, ಸಿನಿಮಾದ್ದೇ ಒಂದು ವೆಂಕಟೇಶನ ಹಾಡು ಹಾಡಿದರು. ಆಮೇಲೆ ಮಂಗಳೂರು ಮುಸ್ಲಿಮರ ಹೆಸರಿಟ್ಟುಕೊಂಡ ಒಂದು ಫೇಸ್‌ಬುಕ್ ಪುಟ ಬೈಗುಳ ಶುರುಮಾಡಿತು: ಪರಪುರುಷರ ಎದುರು ಹಾಡಿದಳು, ಮರ್ಯಾದೆ ತೆಗೆದಳು, ಹೆತ್ತವರನ್ನು ಅನ್ನಬೇಕು, ಇತ್ಯಾದಿ. ಅವರದೂ ಸಮಸ್ತರ ಪರವಾಗಿಯೇ ಇರಬೇಕು, ನನ್ನ ಹಾಗೆ. ಅದೇ ತಿಂಗಳು ಅಸ್ಸಾಮಿನಲ್ಲಿ ‘ಇಂಡಿಯನ್ ಐಡಲ್ ಜೂನಿಯರ್’ನ ನಾಹಿದ್ ಆಫ್ರಿನ್ ಹಾಡಬಾರದೆಂದು 46 ಮಂದಿ ಧರ್ಮಗುರುಗಳ ಹೆಸರಿನಲ್ಲಿ ಕರಪತ್ರ ಹಂಚಲಾಯಿತು.

ಬೈದವರ ವಿಷಯ ಬಿಡಿ, ಅದು ಎಲ್ಲರಿಗೂ ಗೊತ್ತಿರುವಂಥದ್ದು. ನನಗೆ ಹೆಚ್ಚು ಸಂತೋಷ ಕೊಟ್ಟವರು ಹೊಗಳಿದವರು. ಆ ವಾರ ನಮ್ಮ ಕಡೆ ಎಷ್ಟು ಮಂದಿ ಸ್ಟೇಟಸ್ ಹಾಕಿದರು ಅಂತೀರಿ! ಸೌಹಾರ್ದದ ಸಂಕೇತ, ಭಾವೈಕ್ಯದ ಕುಡಿ, ನೋಡಿ ಕಲಿಯಿರಿ ಎಂದೆಲ್ಲ. ಅದುವರೆಗೆ ಬಾಡಿಗೆ ಮನೆ ಕೊಡುವಾಗ ‘ನಮ್ಮವರಿಗೆ ಮಾತ್ರ’ ಅನ್ನುತ್ತಿದ್ದವರೂ ಅವತ್ತು ಸಂಗೀತಕ್ಕೆ ಜಾತಿಯಿಲ್ಲ ಎಂದು ಬರೆದರು. ಆ ಹುಡುಗಿಯ ಶ್ರುತಿ ಹೇಗಿತ್ತು, ಮೇಲಿನ ಸ್ಥಾಯಿಗೆ ಹೋದಾಗ ಸ್ವರ ನಿಂತಿತೋ ಇಲ್ಲವೋ ಎಂದು ಬರೆದವರನ್ನು ನಾನು ಕಾಣಲಿಲ್ಲ. ಬೈದವನೂ ಹೊಗಳಿದವನೂ ನೋಡಿದ್ದು ಅದೇ ಬಟ್ಟೆಯನ್ನು. ಹಾಡಲು ಬಂದವಳಿಗೆ ಒಬ್ಬ ಅಪರಾಧಿಯ ಪಾತ್ರ ಕೊಟ್ಟ, ಇನ್ನೊಬ್ಬ ಸ್ತಬ್ಧಚಿತ್ರದ ಪಾತ್ರ. ಗಾಯಕಿಯ ಪಾತ್ರ ಖಾಲಿಯೇ ಉಳಿಯಿತು. ಆದ್ದರಿಂದ ನಮ್ಮ ಮೊದಲ ಬೇಡಿಕೆ: ಆ್ಯಪ್‌ನಲ್ಲಿ ಧರ್ಮದ ಕಾಲಮ್ ಕಡ್ಡಾಯ ಮಾಡಿ, ಶ್ರುತಿಯನ್ನು ಐಚ್ಛಿಕ ಮಾಡಿ. ಇರುವುದನ್ನು ಒಪ್ಪಿಕೊಂಡ ಹಾಗಾಗುತ್ತದೆ.

ಇದಕ್ಕೆ ಊರಿನ ಕೆಲವು ಹಳಬರ ಆಕ್ಷೇಪ ಉಂಟು. ಅವರು ಸಂಪಾಜೆಯ ಜಬ್ಬಾರ್ ಸಮೋ ಅವರನ್ನು ತೋರಿಸುತ್ತಾರೆ. ತಾಳಮದ್ದಳೆಯಲ್ಲಿ ಅವರು ಅರ್ಥ ಹೇಳುತ್ತಾರೆಂದರೆ ಜನ ಹುಡುಕಿಕೊಂಡು ಹೋಗುತ್ತಾರೆ. ಭಾಗವತರ ಪದ ಮುಗಿದದ್ದೇ ಪುರಾಣದ ಪಾತ್ರವಾಗಿ ಮಾತಿಗೆ ಇಳಿಯುವ ಮುಸ್ಲಿಂ ಅರ್ಥಧಾರಿ. ಎದುರಿಗೆ ಕೂತ ಅರ್ಥಧಾರಿ ‘ಆಹಾ, ಸೌಹಾರ್ದ’ ಎಂದು ಮಾತು ಬಿಟ್ಟುಕೊಡುವುದಿಲ್ಲ; ಪ್ರಸಂಗದ ನಡೆಯಲ್ಲಿ ಕೂದಲೆಳೆ ತಪ್ಪಿದರೂ ಅಲ್ಲಿಯೇ ಹಿಡಿದು ಹಿಂಡುತ್ತಾನೆ. ಸಮೋ ಅವರೂ ಹಾಗೆಯೇ ಹಿಂಡುತ್ತಾರೆ. ಸಭೆ ತಲೆದೂಗುವುದು ವಾದಕ್ಕೆ. ಅಲ್ಲಿ ಯಾರಿಗೂ ಒಂದು ವೋಟಿಲ್ಲ, ಬೇಕಾದವ ಕೂರುತ್ತಾನೆ, ಬೇಡವಾದವ ಎದ್ದು ಚಾ ಕುಡಿಯಲು ಹೋಗುತ್ತಾನೆ. ಕುಂಬಳೆಯ ಹತ್ತಿರ ಆರಿಕ್ಕಾಡಿಯಲ್ಲಿ ಆಲಿಭೂತಕ್ಕೆ ಕೋಲ ಕೊಡುತ್ತಾರೆ, ಅಲ್ಲಿಯೂ ಹರಕೆ ಹೇಳಿದವ ಭೂತದ ಜಾತಿ ಪ್ರಮಾಣಪತ್ರ ಕೇಳಿದ್ದು ನನಗೆ ತಿಳಿದಿಲ್ಲ. ಹಳಬರ ಮಾತು ಇದು. ನಾನು ಅವರಿಗೆ ಹೇಳಿದೆ, ಅದೆಲ್ಲ ವೋಟಿಲ್ಲದ ಕಾಲದ ಹಿಂದುಳಿದ ವ್ಯವಸ್ಥೆ. ಈಗ ಪ್ರಜಾಪ್ರಭುತ್ವ ಬಂದಿದೆ.

ಇನ್ನು ಎರಡನೆಯ ಕಾಲಮ್. ಸೀರೆಯ ವಿಷಯ.

ಗಂಡು ಸೀರೆ ಉಟ್ಟದ್ದನ್ನು ನೋಡುವುದರಲ್ಲಿ ನಮ್ಮ ಮೂರು ತಾಲೂಕನ್ನು ಮೀರಿಸುವ ಊರು ಕರ್ನಾಟಕದಲ್ಲಿ ಕಡಿಮೆ. ಉಪ್ಪಿನಂಗಡಿಯ ಪಾತಾಳ ವೆಂಕಟ್ರಮಣ ಭಟ್ಟರ ಸ್ತ್ರೀವೇಷ ನೋಡಿದವರು ಈಗಲೂ ಅವರ ನಡೆ, ನಿಲುವು, ಕಣ್ಣಿನ ಓಟದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಸೆರಗು ಹೀಗೆ ಹಿಡಿಯಬೇಕೆಂದು ಹೆಂಗಸರೇ ಅವರನ್ನು ನೋಡಿ ಕಲಿತರು ಎಂಬ ಮಾತು ಕೂಡ ಕೇಳಿದ್ದೇನೆ. ಹರಕೆಯ ಬಯಲಾಟದಲ್ಲಿ ದೇವಿ ಮಹಾತ್ಮೆ ಇಟ್ಟರೆ, ಚೌಕಿಯಲ್ಲಿ ಈಗ ತಾನೆ ಬೀಡಿ ಆರಿಸಿ ಎದ್ದ ಗಂಡಸೇ ರಂಗಸ್ಥಳಕ್ಕೆ ಶ್ರೀದೇವಿಯಾಗಿ ಬರುವುದು. ಎದುರಿಗೆ ಕೂತ ಅಜ್ಜಿ ಕೈ ಮುಗಿಯುತ್ತಾಳೆ. ಇದು ಮೊದಲನೆಯ ಸೀರೆ. ಇದಕ್ಕೆ ನಮ್ಮ ತೀರ್ಪು: ಭಕ್ತಿ.

ಎರಡನೆಯ ಸೀರೆ ನಿಮ್ಮ ಕಾಮಿಡಿ ಷೋಗಳದ್ದು. ಅಲ್ಲಿ ಗಂಡಸು ಸೀರೆ ಉಟ್ಟು, ಕುತ್ತಿಗೆ ಕೊಂಕಿಸಿ, ತೀರ್ಪುಗಾರರ ತೊಡೆಯ ಮೇಲೆ ಬಿದ್ದರೆ ಮನೆಮಂದಿಯೆಲ್ಲ ಕೂತು ಅನ್ನ ಉಣ್ಣುತ್ತಾ ನಗುತ್ತೇವೆ. ಮಕ್ಕಳಿಗೂ ತೋರಿಸುತ್ತೇವೆ. ತೀರ್ಪು: ಮನರಂಜನೆ.

ಮೂರನೆಯ ಸೀರೆ ಬಂದಾಗ ಮಾತ್ರ ಕಷ್ಟವಾಗುತ್ತದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿರುವ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. ಒಂದೂವರೆ ತಿಂಗಳಲ್ಲಿ ‘ಬಿಗ್ ಬಾಸ್’ ಕನ್ನಡದ ಆರನೇ ಸೀಸನ್ನಿಗೆ ಡ್ರ್ಯಾಗ್ ಕಲಾವಿದ ಆಡಂ ಪಾಷಾ ಬಂದರು, 2023ರ ಹತ್ತನೇ ಸೀಸನ್ನಿಗೆ ನೀತು ವನಜಾಕ್ಷಿ ಬಂದರು. ನೀತು ತಾನು ಲಿಂಗತ್ವ ಅಲ್ಪಸಂಖ್ಯಾತೆ ಎಂದು ಮುಖ ಎತ್ತಿ ಹೇಳಿಕೊಂಡು ಬಂದವರು. ಪಾತ್ರ ಮುಗಿದ ಮೇಲೆ ಬಿಚ್ಚಿಡುವ ಸೀರೆಯಲ್ಲ ಅದು, ನಗಿಸಲು ಉಟ್ಟದ್ದೂ ಅಲ್ಲ. ಆಗ ನಮ್ಮ ಹಾಲ್‌ನಲ್ಲಿ ರಿಮೋಟಿಗೆ ಹುಡುಕಾಟ ಶುರು. ‘ಮಕ್ಕಳಿದ್ದಾರೆ’ ಎಂದು ಅಪ್ಪ, ‘ಪಾಪ’ ಎಂದು ಅಮ್ಮ. ಆಡಂ, ನೀತು ಇಬ್ಬರೂ ಫೈನಲ್‌ವರೆಗೆ ಉಳಿಯಲಿಲ್ಲ. ಅದಕ್ಕೆ ಆಟದ ಕಾರಣ ಇದ್ದಿರಬಹುದು, ಎಷ್ಟೋ ಜನ ಹಾಗೆಯೇ ಹೊರಬೀಳುತ್ತಾರೆ. ನಿಮ್ಮ ಲೆಕ್ಕ ನಿಮ್ಮ ಪೆಟ್ಟಿಗೆಯಲ್ಲಿ ಉಂಟು. ನಮ್ಮ ಹಾಲ್‌ನ ಲೆಕ್ಕವನ್ನಷ್ಟೇ ನಾನು ಹೇಳುತ್ತಿರುವುದು. ಪಾಪ ಎನ್ನುವವರು ಪಾಪ ಎನ್ನುತ್ತಾರೆ, ವೋಟು ಮಾತ್ರ ಒತ್ತುವುದಿಲ್ಲ.

ಇದೇ ವಿಷಯ ರಂಗಸ್ಥಳಕ್ಕೆ ತಗಲಿದಾಗ ಏನಾಯಿತು ನೋಡಿ. 2025ರ ನವೆಂಬರಿನಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ, ನಮ್ಮ ಸುಳ್ಯ ಸೀಮೆಯವರೇ, ಮೈಸೂರಿನಲ್ಲಿ ಮಾತಾಡುವಾಗ, ತಿಂಗಳುಗಟ್ಟಲೆ ಮನೆ ಬಿಟ್ಟು ತಿರುಗಾಟದಲ್ಲಿರುತ್ತಿದ್ದ ಯಕ್ಷಗಾನ ಕಲಾವಿದರಲ್ಲಿ ಸಲಿಂಗಕಾಮವಿತ್ತು ಎಂಬರ್ಥದ ಮಾತು ಹೇಳಿದರು. ಕರಾವಳಿ ಕುದಿಯಿತು, ರಾಜೀನಾಮೆ ಕೇಳಿತು, ಅವರು ವಿಷಾದ ಹೇಳಿದರು. ಇಡೀ ಒಂದು ಕಲಾವಿದ ಸಮೂಹದ ಮೇಲೆ ಹಾಗೆ ಸಗಟಾಗಿ ಹೇಳಬಾರದಿತ್ತು ಎಂಬುದು ನನ್ನ ಅಭಿಪ್ರಾಯವೂ ಹೌದು. ಮೇಳದಲ್ಲಿ ಯಾರ ಮೇಲಾದರೂ ಬಲವಂತ ನಡೆದಿದ್ದರೆ ಅದು ಬೇರೆಯೇ ವಿಚಾರಣೆಯಾಗಬೇಕಾದ ಸಂಗತಿ. ಆದರೆ ಪ್ರತಿಭಟನೆಯ ಧಾಟಿ ಕೇಳಿದಿರಾ? ಸಗಟು ಆರೋಪದ ಬಗ್ಗೆ ಆಡಿದ್ದಕ್ಕಿಂತ ಆ ಸಂಬಂಧವೇ ಹೇಯ, ಅದನ್ನು ನಮ್ಮ ಕಲೆಯ ಪಕ್ಕದಲ್ಲಿ ಇಟ್ಟದ್ದೇ ಮೈಲಿಗೆ ಎಂಬಂತೆ ಆಡಿದ್ದು ಹೆಚ್ಚು. ಕೋರ್ಟು ಅಪರಾಧವಲ್ಲ ಎಂದು ಏಳು ವರ್ಷ ಕಳೆದಿತ್ತು. ನಮ್ಮಲ್ಲಿ ಆ ತೀರ್ಪು ಇನ್ನೂ ಘಾಟಿ ಇಳಿಯುತ್ತಿರಬೇಕು, ಶಿರಾಡಿ ರಸ್ತೆ ಬಂದ್ ಆಗಿದೆಯೋ ಏನೋ.

ನೀವು ಬೆಂಗಳೂರಿನವರು, ಅಮೆರಿಕವನ್ನು ಉದಾಹರಿಸಿದರೆ ಬೇಗ ಒಪ್ಪುತ್ತೀರಿ. 2009ರ ‘ಅಮೆರಿಕನ್ ಐಡಲ್’ ಫೈನಲ್‌ನಲ್ಲಿ ಒಂದು ಕಡೆ ಆಡಂ ಲ್ಯಾಂಬರ್ಟ್, ಕಣ್ಣಿಗೆ ಕಪ್ಪು, ಉಗುರಿಗೆ ಬಣ್ಣ, ಗಂಟಲು ಮಾತ್ರ ಛಾವಣಿ ಹಾರಿಸುವಂಥದ್ದು. ಇನ್ನೊಂದು ಕಡೆ ಅರ್ಕಾನ್ಸಾಸಿನ ಕ್ರಿಸ್ ಅಲೆನ್, ಚರ್ಚಿನಲ್ಲಿ ಆರಾಧನೆಯ ಹಾಡು ಹಾಡಿಸುತ್ತಿದ್ದ ಹುಡುಗ. ಸುಮಾರು 10 ಕೋಟಿ ವೋಟು ಬಿತ್ತು, ಅಲೆನ್ ಗೆದ್ದ. ಲ್ಯಾಂಬರ್ಟ್ ತಾನು ಸಲಿಂಗಿ ಎಂದು ಬಾಯಿಬಿಟ್ಟು ಹೇಳಿದ್ದು ಫೈನಲ್ ಮುಗಿದ ಮೇಲೆ, ಜೂನ್‌ನಲ್ಲಿ. ಅರ್ಕಾನ್ಸಾಸಿನಲ್ಲಿ ಅಲೆನ್ ಅಭಿಮಾನಿಗಳು ಸೇರಿದ್ದ ಕಡೆ ಫೋನ್ ಕಂಪನಿಯೊಂದರ ನೌಕರರೇ ಹೋಗಿ, ಒಟ್ಟಿಗೆ ರಾಶಿ ಸಂದೇಶ ಕಳಿಸುವುದು ಹೇಗೆಂದು ಪಾಠ ಹೇಳಿಕೊಟ್ಟರೆಂದೂ ಆಮೇಲೆ ಸುದ್ದಿಯಾಯಿತು. ಸೋತವ ಮುಂದೆ ‘ಕ್ವೀನ್’ ವಾದ್ಯವೃಂದದ ಜೊತೆ ಲೋಕವಿಡೀ ಹಾಡಿದ. ಅಂದರೆ ಮನೆತನ ನೋಡಿ ಗುಂಡಿ ಒತ್ತುವ ವಿದ್ಯೆ ನಮ್ಮಲ್ಲಿ ಮಾತ್ರ ಇರುವುದಲ್ಲ. ನಾವು ಅಂತಾರಾಷ್ಟ್ರೀಯ ಮಟ್ಟದಲ್ಲಿದ್ದೇವೆ.

ಒಂದು ಬೇಸರ ಮಾತ್ರ ಹೇಳಿಕೊಳ್ಳದೆ ಆಗುವುದಿಲ್ಲ. ನಿಮ್ಮ ಪ್ರೇಕ್ಷಕರು ಕೆಲವೊಮ್ಮೆ ನಮ್ಮ ನಂಬಿಕೆಗೇ ದ್ರೋಹ ಮಾಡುತ್ತಾರೆ. ‘ಬಿಗ್ ಬಾಸ್’ ಹನ್ನೊಂದನೇ ಸೀಸನ್ನಿಗೆ ಹಿಂದುತ್ವದ ಭಾಷಣಗಳಿಂದ ಹೆಸರಾದ ನಮ್ಮ ಕರಾವಳಿಯ ಚೈತ್ರಾ ಕುಂದಾಪುರ ಹೋದಾಗ, ಇನ್ನೇನು ಧರ್ಮದ ಕಾಲಮ್ ತಾನಾಗಿ ತುಂಬುತ್ತದೆ ಎಂದುಕೊಂಡಿದ್ದೆ. ವೇದಿಕೆಯ ಮೇಲೆ ಅವರ ಗಂಟಲು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಫೈನಲ್‌ಗೂ ಅವರು ತಲುಪಲಿಲ್ಲ. 2025ರ ಜನವರಿಯಲ್ಲಿ ಐದು ಕೋಟಿ ಮೀರಿ ವೋಟು ತಗೊಂಡು ಗೆದ್ದವರು ಹಾವೇರಿ ಕಡೆಯ ಕುರಿಗಾಹಿ, ಜನಪದ ಗೀತೆಯ ಹನುಮಂತ. ಲುಂಗಿ, ಅಂಗಿ, ಮೆಲುಮಾತು. ಯಾರ ಧರ್ಮಕ್ಕೂ ಅಪಾಯ ಬಂದಿದೆ ಎಂದು ಅವರು ಒಮ್ಮೆಯೂ ಹೇಳಿದಂತಿಲ್ಲ. ಇಷ್ಟೊಂದು ವೋಟು ಯಾಕೆ ಬಿತ್ತೆಂದು ನಮ್ಮ ಕಟ್ಟೆಯಲ್ಲಿ ಇನ್ನೂ ತರ್ಕ ನಡೆಯುತ್ತಿದೆ.

ಹಾಗೆಂದು ನಮಗೆ ಮತಗಣಿತ ಗೊತ್ತಿಲ್ಲವೆಂದು ತಿಳಿಯಬೇಡಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಪುತ್ತೂರಿನಲ್ಲಿ ಒಂದೇ ಸಿದ್ಧಾಂತದ ಮನೆಯ ಇಬ್ಬರು ಹಿಂದುತ್ವದ ವೋಟು ಹಂಚಿಕೊಂಡು ಕಾಂಗ್ರೆಸ್ಸನ್ನು ಗೆಲ್ಲಿಸಿದ್ದು ಎಲ್ಲರಿಗೂ ಗೊತ್ತು. ನಿಮ್ಮ ಷೋದಲ್ಲಿ ನಮ್ಮ ಕಡೆಯ ಇಬ್ಬರು ಒಟ್ಟಿಗೆ ಬಂದರೂ ಹೀಗೆಯೇ ಆಗುತ್ತದೆ, ದಯವಿಟ್ಟು ಸೀಸನ್ನಿಗೆ ಒಬ್ಬರನ್ನೇ ತೆಗೆದುಕೊಳ್ಳಿ. ಕಡಬದ ಮಲಯಾಳಿ ಕ್ರೈಸ್ತ ಮನೆಗಳನ್ನು, ಸುಳ್ಯದ ರಬ್ಬರು ತೋಟಗಳಲ್ಲಿರುವ ಸಿಲೋನ್ ತಮಿಳರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರಿಗೆ ಅವರ ಭಾಷೆಯ ಗಾಯನ ಸ್ಪರ್ಧೆಗಳು ಬೇರೆ ಉಂಟು, ಅಲ್ಲಿಯೂ ಜಗಳ ಬೇರೆ ಉಂಟು.

ಕೊನೆಗೆ ತಾಂತ್ರಿಕ ಸಮಸ್ಯೆ. ನಿಮಗೆ ನೆನಪಿರಬಹುದು, 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ದೇಶವಿಡೀ ಓಡಾಡಿತು. ಪಾಠಕ್ಕೇ ಸಿಗದ ನೆಟ್‌ವರ್ಕು ನಿಮ್ಮ ಗುಂಡಿಗೆ ಎಲ್ಲಿಂದ ಬರಬೇಕು? ನಮ್ಮ ಒಳಗಿನ ಊರುಗಳಲ್ಲಿ ಒಬ್ಬನ ಧರ್ಮ ರಕ್ಷಿಸುವ ವೋಟು ಹಾಕಬೇಕಾದರೆ ಗುಡ್ಡ ಹತ್ತಬೇಕು, ಉಂಬಳ ಕಚ್ಚಿಸಿಕೊಳ್ಳಬೇಕು. ಅಷ್ಟು ಹತ್ತಿದ ಮೇಲೆ ಒಂದೇ ವೋಟು ಹಾಕಿ ಇಳಿಯುವುದು ನಷ್ಟವೆಂದು ಹತ್ತಾರು ಒಟ್ಟಿಗೆ ಒತ್ತುತ್ತೇವೆ, ನಿಮ್ಮ ಆ್ಯಪ್ ಅದಕ್ಕೆ ಅವಕಾಶವನ್ನೂ ಕೊಡುತ್ತದೆ. ಅಸಲಿ ಚುನಾವಣೆಯಲ್ಲಿ ಹೀಗೆ ಮಾಡಿದರೆ ಪೊಲೀಸರು ಹಿಡಿಯುತ್ತಾರೆ. ಈ ಸೌಲಭ್ಯಕ್ಕಾಗಿ ನಿಮಗೆ ವಂದನೆ.

ಇಂತಿ ತಮ್ಮ ವಿಶ್ವಾಸಿ,
ಪಂಜ ಸೀಮೆಯ ಒಬ್ಬ ಅಡಿಕೆ ಬೆಳೆಗಾರ

ತಾ.ಕ.: ನಿಮ್ಮ ಈ ಸಲದ ಫೈನಲ್ ಭಾನುವಾರ ರಾತ್ರಿ ಎಂದು ಪ್ರೋಮೋದಲ್ಲಿ ಕಂಡೆ. ಅವತ್ತು ಇಲ್ಲಿ ತಾಳಮದ್ದಳೆ ಉಂಟು, ಸಂಪಾಜೆಯವರ ಅರ್ಥ ಉಂಟಂತೆ. ಮೇಲಿನ ಬೇಡಿಕೆಗಳೆಲ್ಲ ಹಾಗೆಯೇ ಇರಲಿ, ನನ್ನ ವೋಟು ಮಾತ್ರ ಬರಲಿಕ್ಕಿಲ್ಲ. ಫೋನ್ ಆಫ್ ಮಾಡಿ ಕೂರಬೇಕೆಂದು ಸಂಘಟಕರು ಮೊದಲೇ ಹೇಳಿದ್ದಾರೆ.