ಶ್ರೀ ಖಾಲಿ ಕುರ್ಚಿಯವರ ಪೂರ್ಣಾವಧಿ

ಜಯನಗರದಲ್ಲಿ ನಮ್ಮ ಪಕ್ಕದ ಮನೆ ರಾಯರ ಮಗ ಗ್ಲಾಸ್ಗೋದಲ್ಲಿದ್ದಾನೆ. ಪಾಸ್‌ಪೋರ್ಟು ಇನ್ನೂ ನಮ್ಮದೇ. ಆದರೂ ಕಾಮನ್‌ವೆಲ್ತ್ ದೇಶದವನೆಂಬ ಲೆಕ್ಕದಲ್ಲಿ ಅಲ್ಲಿನ ಸ್ಥಳೀಯ ಚುನಾವಣೆಯಲ್ಲಿ ಓಟಿದೆ. 2022ರ ಮೇ ತಿಂಗಳಲ್ಲಿ ಹಾಕಿ ಬಂದು ಫೋನ್ ಮಾಡಿದ: "ಅಪ್ಪಾ, ನಮ್ಮ ವಾರ್ಡಿಗೆ ನಾಲ್ಕು ಜನ ಕೌನ್ಸಿಲರು. ಬೇಕಾದವರ ಹೆಸರಿನ ಮುಂದೆ ಒಂದು, ಎರಡು, ಮೂರು ಅಂತ ಬರೆದೆ."

ರಾಯರು ಯೋಚಿಸಿ ಕೇಳಿದರಂತೆ: "ಹಾಗಾದ್ರೆ ಒಂದೇ ಮೋರಿಗೆ ನಾಲ್ಕು ಸಲ ಗುದ್ದಲಿ ಪೂಜೆನೇನೋ?"

ಈ ಒಂದು-ಎರಡು-ಮೂರು ನಮಗೇನೂ ಹೊಸದಲ್ಲ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಪ್ರಾಶಸ್ತ್ಯದ ಮತ ಹಾಕುತ್ತಲೇ ಇದ್ದೇವೆ; ಮೂರರವರೆಗೆ ಎಣಿಸಲು ಡಿಗ್ರಿ ಬೇಕೆಂಬುದು ನಮ್ಮ ನಂಬಿಕೆ. ಒಂದು ಕ್ಷೇತ್ರಕ್ಕೆ ಹಲವು ಸದಸ್ಯರೂ ಹೊಸದಲ್ಲ, ಹಳ್ಳಿಯ ಗ್ರಾಮ ಪಂಚಾಯಿತಿಗಳಲ್ಲಿ ಇದ್ದಾರೆ. ಗ್ಲಾಸ್ಗೋದ 23 ವಾರ್ಡುಗಳಿಗೆ 85 ಕೌನ್ಸಿಲರು. ನಾವು ಅವರಿಗಿಂತ ಮುಂದೆ ಹೋಗಿ ಕಂಡುಹಿಡಿದದ್ದು ಶೂನ್ಯಸದಸ್ಯ ವಾರ್ಡು.

ನಮ್ಮ ಬೆಂಗಳೂರಿನ ಕಡೆಯ ಪಾಲಿಕೆ ಫಲಿತಾಂಶ ಬಂದದ್ದು 2015ರ ಆಗಸ್ಟ್‌ನಲ್ಲಿ. 198 ವಾರ್ಡುಗಳಲ್ಲಿ ಬಿಜೆಪಿಗೆ 100, ಕಾಂಗ್ರೆಸ್ಸಿಗೆ 76, ಜೆಡಿಎಸ್ಸಿಗೆ 14. ಹಾಗಾಗಿ ಮೇಯರ್ ಆದವರು ಕಾಂಗ್ರೆಸ್ಸಿನ ಮಡಿವಾಳದ ಮಂಜುನಾಥ ರೆಡ್ಡಿ. ತಪ್ಪು ತಿಳಿಯಬೇಡಿ, ಕೂಡಿಸಿದ್ದು ಸರಿಯಾಗೇ ಇದೆ. ಆಗ ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರು, ಪರಿಷತ್ತಿನವರು ಎಲ್ಲರೂ ಕೈಯೆತ್ತಬಹುದಿತ್ತು. ಮದುವೆ ಮನೆಯಲ್ಲಿ ವರನನ್ನು ಊಟಕ್ಕೆ ಬಂದವರು ಆರಿಸಿದ ಹಾಗೆ.

ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮರುದಿನವೇ ಅಧಿಕಾರ ವಹಿಸಿಕೊಂಡವರು ಶ್ರೀ ಖಾಲಿ ಕುರ್ಚಿಯವರು. 2025ರ ಸೆಪ್ಟೆಂಬರಿಗೆ ಪೂರ್ಣ ಐದು ವರ್ಷ ಮುಗಿಸಿ ಎರಡನೇ ಅವಧಿಗೂ ಕಾಲಿಟ್ಟರು. ಇಂಥ ಕಾರ್ಪೊರೇಟರ್ ಹಿಂದೆ ಬಂದಿರಲಿಲ್ಲ. ಒಂದು ದಿನವೂ ರೆಸಾರ್ಟಿಗೆ ಹೋಗಲಿಲ್ಲ. ಮಹಿಳಾ ಮೀಸಲಾತಿ ಬಂದಾಗ ಹೆಂಡತಿಯನ್ನು ಗೆಲ್ಲಿಸಿ ತಾನು ಸಭೆಗೆ ಬಂದು ಕೂರಲಿಲ್ಲ. ಕಸದ ಗಾಡಿ ಬರಲಿಲ್ಲವೆಂದು ಹೇಳಿದರೆ "ಆಯ್ತು ಮಾಡ್ಸೋಣ" ಎನ್ನಲಿಲ್ಲ. ಮಾಡಿಸಲಿಲ್ಲ ಎನ್ನುವುದು ಹಳಬರಿಗೂ ಇವರಿಗೂ ಸಮಾನ.

ಇವರಿಗೆ ಎಲ್ಲ ಪಕ್ಷಗಳ ಬೆಂಬಲವಿದೆ. ಇವತ್ತಿನ ಕಾರ್ಪೊರೇಟರೇ ನಾಳೆ ಟಿಕೆಟ್ ಕೇಳುವವನು ಎಂಬುದು ಶಾಸಕರಿಗೆ ಗೊತ್ತಿಲ್ಲವೆ? ಎಷ್ಟೋ ಮಂದಿ ಅದೇ ಏಣಿ ಹತ್ತಿ ಬಂದವರು. ಮೇಲೆ ಬಂದ ಮೇಲೆ ಏಣಿ ಒಳಗಿಟ್ಟುಕೊಳ್ಳುವುದು ಸಂಸಾರಸ್ಥರ ಲಕ್ಷಣ.

ಆದರೆ ಸರ್ಕಾರಗಳು ಸುಮ್ಮನೆ ಕೂತಿದ್ದವು ಎಂದರೆ ನಾಲಿಗೆಗೆ ಹುಳ ಬಿದ್ದೀತು. ಬಿಜೆಪಿಯವರು 198 ವಾರ್ಡನ್ನು 243 ಮಾಡಿದರು. ಕಾಂಗ್ರೆಸ್ಸಿನವರು ಅದನ್ನು ಅಳಿಸಿ 225 ಎಂದರು. ಆಮೇಲೆ ಪಾಲಿಕೆಯನ್ನೇ ಐದು ಹೋಳು ಮಾಡಿ 369ಕ್ಕೆ ತಂದರು. ಮೊದಲು ಒಂದು ಮೇಯರ್ ಕುರ್ಚಿ ಖಾಲಿ ಇತ್ತು, ಈಗ ಐದು. ಪ್ರಗತಿ ಎಂದರೆ ಇದು! ಈ ನಡುವೆ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಟ್ಟರು. ಬನಶಂಕರಿಯವರು, ಜೆ.ಪಿ. ನಗರದವರು ಈಗ ಯಾವ ದಿಕ್ಕಿನವರೋ. ಬಿಟಿಎಂ ಲೇಔಟಿನವರದೇ ಪುಣ್ಯ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂದು ಹೆಸರಿನಲ್ಲಾದರೂ ಮೂವರು ಸದಸ್ಯರಿದ್ದಾರೆ.

ಹಾಗೆಂದು ಎಣಿಕೆ ಬಾರದ ಊರಲ್ಲ ಇದು. 2023ರ ವಿಧಾನಸಭಾ ಚುನಾವಣೆಯಲ್ಲಿ ಜಯನಗರದ ಮತಗಳನ್ನು ಮತ್ತೆ ಎಣಿಸಿ, ನಡುರಾತ್ರಿ ಸಿ.ಕೆ. ರಾಮಮೂರ್ತಿಯವರು ಗೆದ್ದರೆಂದು ಘೋಷಿಸಿದರು. ಅಂತರ 16 ಮತ. ನಮ್ಮ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಜಗಳದಲ್ಲಿ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ.

ರಾಯರ ಗೇಟಿನ ಎದುರು ಒಂದು ಫ್ಲೆಕ್ಸ್ ಇದೆ. 'ಭಾವಿ ಕಾರ್ಪೊರೇಟರ್' ಒಬ್ಬರು ಕೈಮುಗಿದು ನಿಂತು ಐದಾರು ಯುಗಾದಿಗಳ ಶುಭಾಶಯ ಕೋರಿದ್ದಾರೆ. ಕೈಮುಗಿದದ್ದು ಇಳಿದಿಲ್ಲ, ಕೂದಲು ಮಾತ್ರ ಬಿಸಿಲಿಗೆ ಬೆಳ್ಳಗಾಗಿದೆ. ಪಕ್ಕದ ಬೀದಿದೀಪ ಉರಿಯುವುದಿಲ್ಲವಾದ್ದರಿಂದ ರಾತ್ರಿ ಅವರ ಮುಖ ಕಾಣುವುದಿಲ್ಲ.

ಮೊನ್ನೆ ರಾಯರು ಮಗನಿಗೆ ಫೋನ್ ಮಾಡಿದರು.

"ನಿಮ್ಮ ನಾಲ್ಕು ಜನರಲ್ಲಿ ಒಬ್ಬರನ್ನ ಇಲ್ಲಿಗೆ ಕಳಿಸೋಕಾಗತ್ತೇನೋ? ನೀನು ಮೂರು ಅಂತ ಬರೆದಿದ್ಯಲ್ಲ, ಅವರಾದ್ರೂ ಪರವಾಗಿಲ್ಲ."