ಬಿಳಿ ಬೋರ್ಡ್ ಮೀಮಾಂಸೆ, ಅಥವಾ ಬಿರಿಯಾನಿಯು ಸರಕೇ ಎಂಬ ವಿಚಾರ

ಬೆಂಗಳೂರಿನ ಡೆಲಿವರಿ ಹುಡುಗನ ಬೈಕು ಶಾಸ್ತ್ರದೃಷ್ಟಿಯಲ್ಲಿ ಒಂದು ಸಂದಿಗ್ಧ ಪದಾರ್ಥ. ಆರ್‌ಸಿ ಪ್ರಕಾರ ಅದು ಸ್ವಂತ ಬಳಕೆಯದು, ನಂಬರ್ ಪ್ಲೇಟು ಬಿಳಿ. ಹಿಂದೆ ಕೂತ ಚೌಕ ಬ್ಯಾಗು ಮಾತ್ರ ಬೇರೆ ಕಥೆ ಹೇಳುತ್ತದೆ. ಪೂರ್ವಸೂರಿಗಳು ಈ ವಿರೋಧವನ್ನು ಗಮನಿಸಿಲ್ಲ. ಅವರ ಕಾಲದಲ್ಲಿ ಅಡುಗೆಯೂ ಊಟವೂ ಒಂದೇ ಮನೆಯಲ್ಲಿ ಆಗುತ್ತಿದ್ದವು.

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ನಿನಂತೆ ಥರ್ಡ್ ಪಾರ್ಟಿ ವಿಮೆ ನಿತ್ಯಕರ್ಮ. ತಪ್ಪಿದರೆ ಪ್ರತ್ಯವಾಯವು ಟ್ರಾಫಿಕ್ ಪೊಲೀಸರ ರೂಪದಲ್ಲಿ ಎದುರಾಗುತ್ತದೆ. ಆದರೆ ಖಾಸಗಿ ಪಾಲಿಸಿಯ ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ‘ಬಳಕೆಯ ಮಿತಿ’ ಎಂಬ ಪ್ರಕರಣವುಂಟು: ಬಾಡಿಗೆಗೆ ಓಡಿಸಕೂಡದು, ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸಕೂಡದು, ರೇಸು ಕೂಡದು, ವೇಗಪರೀಕ್ಷೆ ಕೂಡದು.

ಹಾಗಾದರೆ ಬಿರಿಯಾನಿ ಯಾವ ವರ್ಗಕ್ಕೆ ಸೇರಿತು? ಒಳಗಿನ ಪೀಸುಗಳನ್ನು ಎಣಿಸಿದವರು ಸ್ಯಾಂಪಲ್ಲೇ ಎನ್ನುತ್ತಾರೆ. ಗಿರಾಕಿ ಆರ್ಡರ್ ಕ್ಯಾನ್ಸಲ್ ಮಾಡಿದ ಕ್ಷಣದಿಂದ ಅದು ಸ್ವಂತ ಲಗೇಜೆಂದು ಇನ್ನೊಂದು ಪಂಗಡ. ಸಿದ್ಧಾಂತವೇನೆಂದರೆ, ಬೈಕು ಬಿದ್ದು ವಿಮೆಯ ಸರ್ವೇಯರ್ ಬಂದಾಗ ಅದು ನಿಸ್ಸಂಶಯವಾಗಿ ಸರಕು. ಹತ್ತು ನಿಮಿಷದಲ್ಲಿ ಕೊತ್ತಂಬರಿ ತಲುಪಿಸುವುದು ವೇಗಪರೀಕ್ಷೆಯೇ ಎಂಬ ಪ್ರಶ್ನೆಯನ್ನು ಸಿಲ್ಕ್ ಬೋರ್ಡ್ ಜಂಕ್ಷನ್ ಎಂದೋ ಬಗೆಹರಿಸಿದೆ. ಅಲ್ಲಿ ವೇಗವೆಂಬುದೇ ಅಸಿದ್ಧ.

ದಾರಿಹೋಕನಿಗೆ ಪೆಟ್ಟಾದರೆ ಶಾಸ್ತ್ರ ದಯಾಮಯಿ. ಪಾಲಿಸಿಯ ಷರತ್ತು ಮುರಿದಿದ್ದರೂ ವಿಮಾ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಎಷ್ಟೋ ಪ್ರಕರಣಗಳಲ್ಲಿ ಹೇಳಿವೆ. ಮಾಲೀಕನೆಂದರೆ ಆ್ಯಪಿನ ಒಡೆಯನಲ್ಲ. ಬೈಕಿನ ಇಎಂಐ ಕಟ್ಟುತ್ತಿರುವವನು.

ಆ್ಯಪಿನವರೇ ಕೊಡುವ ಅಪಘಾತ ವಿಮೆ ಇದೆಯಲ್ಲ ಎನ್ನುವವರು ಅವಸ್ಥಾತ್ರಯವನ್ನು ಅರಿಯಬೇಕು. ಆರ್ಡರ್ ಕೈಯಲ್ಲಿದ್ದರೆ ಜಾಗ್ರತ್. ಲಾಗಿನ್ ಆಗಿ ದರ್ಶಿನಿಯ ಮುಂದೆ ಕಾಯುತ್ತಿದ್ದರೆ ಸ್ವಪ್ನ. ಲಾಗ್‌ಔಟ್ ಆದರೆ ಸುಷುಪ್ತಿ. ಜಾಗ್ರತ್ತಿನಲ್ಲಿ ಬಿದ್ದವನಿಗಷ್ಟೇ ವಿಮೆಯೆಂಬ ಪಾಲಿಸಿಗಳುಂಟು. ಕೋರಮಂಗಲದ ಊಟವನ್ನು ಬೇಗೂರಿಗೆ ಮುಟ್ಟಿಸಿ ಖಾಲಿ ಬ್ಯಾಗಿನೊಡನೆ ವಾಪಸಾಗುವ ದಾರಿ ಸ್ವಪ್ನದಲ್ಲಿ ಬರುತ್ತದೆ. ಅಲ್ಲಿ ಪೆಟ್ರೋಲು ಸತ್ಯ, ಗುಂಡಿ ಸತ್ಯ, ಟೈರಿನ ಸವೆತ ಸತ್ಯ. ಕೂಲಿ ಮಾತ್ರ ಮಿಥ್ಯೆ. ಕಾಲು ಮುರಿದುಕೊಂಡು ಮಲಗಿದವನ ಐಡಿ ಬ್ಲಾಕ್ ಆದರೆ ಅದೇ ತುರೀಯ. ಕಸ್ಟಮರ್ ಕೇರಿಗೂ ಅಗೋಚರ.

ಇನ್ನು ಕ್ಷಯಪ್ರಕರಣ. ಝೀರೋ ಡೆಪ್ ಇಲ್ಲದ ಕ್ಲೇಮಿನಲ್ಲಿ ಪ್ಲಾಸ್ಟಿಕ್ಕು, ರಬ್ಬರು, ಬ್ಯಾಟರಿಗೆ ಶೇ. 50 ಕಡಿತ, ಗಾಜಿಗೆ ಕಡಿತವೇ ಇಲ್ಲ. ಉದಾರವಾದ ನಿಯಮ. ಸ್ಕೂಟರಿನಲ್ಲಿ ಗಾಜೆಂದರೆ ಎರಡು ಕನ್ನಡಿ, ಕಣ್ಣಿಗೆ ಕಾಣುವ ಮಿಕ್ಕಿದ್ದು ಬಹುಪಾಲು ಪ್ಲಾಸ್ಟಿಕ್ಕು. ಮೊಬೈಲ್ ಒಡೆದರೆ ಅದು ವಾಹನದ ಬಿಡಿಭಾಗವೇ ಅಲ್ಲ, ಅದಿಲ್ಲದೆ ವಾಹನ ಹೊರಡಿಸಲು ಕಾರಣವೂ ಇಲ್ಲ.

ರಾಜ್ಯ ಸರ್ಕಾರದ 2023ರ ಗಿಗ್ ಕಾರ್ಮಿಕರ ವಿಮಾ ಯೋಜನೆ ಅಪಘಾತದಲ್ಲಿ ಸತ್ತವರಿಗೆ ₹4 ಲಕ್ಷ ಗೊತ್ತುಮಾಡಿದೆ. 2025ರ ಕಾಯ್ದೆಯಂತೆ ಕಂಪನಿಗಳು ಪ್ರತಿ ವಹಿವಾಟಿಗೂ ಕಾರ್ಮಿಕನಿಗೆ ಸಲ್ಲುವ ಹಣದ ಶೇ. 1ರಿಂದ 5ರವರೆಗೆ ಕ್ಷೇಮಾಭಿವೃದ್ಧಿ ಶುಲ್ಕ ತೆರಬೇಕು. ಇವೆರಡೂ ನಿಜವಾಗಿ ಒಳ್ಳೆಯವು. ಆದ್ದರಿಂದ ಈ ಪ್ರಬಂಧಕ್ಕೆ ಅಷ್ಟಾಗಿ ಉಪಯೋಗವಿಲ್ಲ.

ಕರಡನ್ನು ಎಚ್‌ಎಸ್‌ಆರ್ ಲೇಔಟಿನಲ್ಲಿ ಸ್ವಪ್ನಾವಸ್ಥೆಯಲ್ಲಿದ್ದ ವಿದ್ವಾಂಸರೊಬ್ಬರಿಗೆ ಓದಿ ಹೇಳಲಾಯಿತು. ಹೆಲ್ಮೆಟ್ ತೆಗೆಯದೆ ಕೇಳಿಸಿಕೊಂಡು, “ಎಲ್ಲಾ ಸರಿ ಸಾರ್, ಚೈನ್ ಸ್ಪ್ರಾಕೆಟ್ ಬಿಟ್ಟೇಬಿಟ್ರಲ್ಲ?” ಎಂದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಅವರು ಜಾಗ್ರತ್ತಿಗೆ ತೆರಳಿದರು. ಚೈನ್ ಸ್ಪ್ರಾಕೆಟ್ ಪ್ರಕರಣವನ್ನು ಎರಡನೇ ಸಂಪುಟಕ್ಕೆ ಕಾದಿರಿಸಲಾಗಿದೆ.